ಕಡೆಯ ಎಣಿಕೆಯ ಬೆಳಗ್ಗೆ

ಹಕ್ಕಿ ಎಣಿಸುವವರು ಬರುವ ಮೊದಲೇ, ಹಿಂದಿನ ಎರಡು ದಿನವೂ ಬೆಳಗ್ಗೆ ತಗಡಿನ ಡಬ್ಬ ಬಡಿದು ಕೆರೆಯ ಹಕ್ಕಿಗಳನ್ನೆಲ್ಲ ಓಡಿಸಲಾಗಿತ್ತು. ಇವತ್ತು ಮೂರನೆಯ, ಕಡೆಯ ಎಣಿಕೆ. ಇವತ್ತೂ ಹಕ್ಕಿ ಇಲ್ಲವೆಂದು ಬರೆದುಕೊಂಡು ಹೋದರೆ ಕೆರೆಗೆ ಮಣ್ಣು ಬೀಳುತ್ತದೆ, ಅದರ ಮೇಲೆ ಬಡಾವಣೆ ಏಳುತ್ತದೆ.

ಎರಡು ದಿನ ಬಡಿದವಳು ಕೆರೆಯ ಕಾವಲಿನವಳೇ. ರಾತ್ರಿ ಪಾಳಿ ಮುಗಿಸಿ, ಊದಿಕೊಂಡ ಕಾಲ ಮೇಲೆ ನಿಂತು ನೀರನ್ನೇ ನೋಡುತ್ತಿದ್ದಳು. ಚಳಿ ಮುಗಿಯಿತೆಂದು ಬಡಗಣ ದಾರಿ ಹಿಡಿದ ಬಾತುಗಳು ರಾತ್ರಿಯೆಲ್ಲ ಹಾರಿ ಆಗಷ್ಟೇ ಇಳಿದಿದ್ದವು. ದಡದ ಪಕ್ಕದ ಬಾತೊಂದು ಕೊಕ್ಕನ್ನು ಬೆನ್ನಿನ ಗರಿಯೊಳಗೆ ತೂರಿಸಿ ಮಲಗಿಬಿಟ್ಟಿತ್ತು. ಅವಳು ಮಾರು ದೂರದಲ್ಲಿ ನಿಂತಿದ್ದರೂ ಹೆದರಿ ಏಳುವಷ್ಟು ತ್ರಾಣ ಅದಕ್ಕಿರಲಿಲ್ಲ. ಅರ್ಧ ಕಣ್ಣು ತೆರೆದು ನೋಡಿ, ಮತ್ತೆ ಮುಚ್ಚಿಕೊಂಡಿತು. ಆ ಸುಸ್ತು ಅವಳಿಗೇನೂ ಹೊಸದಲ್ಲ.

"ಅತ್ತಿಗೆ, ಅವರ ಜೀಪು ಬರೋ ಹೊತ್ತಾಯ್ತು. ಬಡೀರಿ ಬೇಗ!" ಎಂದ ಮೇಲ್ವಿಚಾರಕ. ಅವಳ ಮೈದುನನೇ, ಈ ಕೆಲಸ ಕೊಡಿಸಿದವನು.

"ನಿನ್ನೆ ಎಬ್ಬಿಸಿದ್ರಲ್ಲಿ ಎರಡು ರಸ್ತೆ ಮೇಲೆ ಬಿದ್ದು ಸತ್ತಿದ್ವು ಕಣೋ. ಹಾರೋಕೆ ಆಗ್ಲಿಲ್ಲ ಅವಕ್ಕೆ."

"ಹಕ್ಕಿಗೆ ಅಳ್ತಾ ಕೂತ್ರೆ ಮನೇಲಿ ಒಲೆ ಉರಿಯಲ್ಲ. ನಿಮಗೆ ಕೆಲಸ ಬೇಕೋ, ಬೇಡ್ವೋ?"

"ಬೇಕು. ನನ್ನನ್ನ ಇಟ್ಕೊಂಡಿರೋದು ಕೆರೆ ಕಾಯೋಕೆ." ಅವಳು ಡಬ್ಬವನ್ನು ಬೋರಲು ಹಾಕಿ, ಅದರ ಮೇಲೆ ಕೂತು ಕಾಲು ಚಾಚಿದಳು. "ಕಾಯ್ತೀನಿ. ಬಡಿಯಲ್ಲ, ಹೋಗು."