ಆರನೆಯ ಪ್ರಶ್ನೆ

"ಆ ಗುಳಿಗಿ ಎಷ್ಟ ದಿನ ತಗೊಂಡಿ ಅವ್ವಾ?"

ಸ್ವರೂಪಳ ಪೆನ್ನು ಫಾರಂ ಮೇಲೆ ನಿಂತಿತ್ತು. ಅಮೆರಿಕದ ಸ್ಕೋಕಿಯ ಈ ಆಸ್ಪತ್ರೆಯಲ್ಲಿ ಅವಳು ಫಾರ್ಮಸಿಸ್ಟ್. ಇವತ್ತು ಮಾತ್ರ ರೋಗಿಯ ಮಗಳು. ಅವ್ವನ ಮೂತ್ರದ ಸೋಂಕಿಗೆ ಹನ್ನೆರಡು ಆಂಟಿಬಯಾಟಿಕ್‌ಗಳಲ್ಲಿ ಹನ್ನೊಂದು ನಾಟುವುದಿಲ್ಲ ಎಂದು ಬೆಳಿಗ್ಗೆ ರಿಪೋರ್ಟ್ ಬಂದಿತ್ತು.

"ಪ್ರತಿ ಸಲ ಎಲ್ಡ ದಿನ. ಉರಿ ಕಡಿಮಿ ಆತು, ಉಳಿದದ್ದು ಎತ್ತಿಟ್ಟೆ. ಪೊಲೀಸರಂಗ ಯಾಕ ನೋಡ್ತೀ? ಇಲ್ಲಿ ಡಾಕ್ಟರ್ ಜಲ್ದಿ ಸಿಗೂದಿಲ್ಲ, ಬರೂ ಮುಂದ ಊರಿಂದ ಗುಳಿಗಿ ಸೂಟ್‌ಕೇಸಿನಾಗ ಇಟ್ಕೊಂಡ ಬಾ ಅಂದಾಕಿ ನೀನ ಅಲ್ಲೇನ?" ಎಂದಳು ಶಿವಕ್ಕ. ಅಷ್ಟು ಮಾತಿಗೇ ಅವಳಿಗೆ ಏದುಸಿರು ಬಂತು.

ಫಾರಂ, ಔಷಧಿಗೆ ಬಗ್ಗದ ಇಂಥ ಸೋಂಕುಗಳ ಲೆಕ್ಕಕ್ಕೆಂದು ಇಲ್ಲಿನ ಕೇಂದ್ರ ಆರೋಗ್ಯ ಇಲಾಖೆಗೆ ಹೋಗುವಂಥದ್ದು. ಆರನೆಯ ಪ್ರಶ್ನೆ, ಔಷಧಿ ಎಲ್ಲಿಂದ ಬಂತು ಎಂಬುದು. ಅದರ ಉತ್ತರಗಳಲ್ಲಿ 'ಮನೆಯವರು ತರಿಸಿದ್ದು' ಎಂಬುದನ್ನು ಸೇರಿಸಲೇಬೇಕೆಂದು ಹೋದ ವರ್ಷ ಆ ಫಾರಂ ರೂಪಿಸಿದ ಸಮಿತಿಯಲ್ಲಿ ಜಗಳವಾಡಿದವಳು ಸ್ವರೂಪಳೇ. ನಮ್ಮ ಜನ ತಾವಾಗಿ ಹೇಳುವುದಿಲ್ಲ, ಕೇಳದಿದ್ದರೆ ಈ ರೋಗಾಣು ಎಲ್ಲಿ ಬಲಿಯುತ್ತಿದೆ ಎಂದು ಸರ್ಕಾರಕ್ಕೆ ತಿಳಿಯುವುದೇ ಇಲ್ಲ ಎಂದು ವಾದಿಸಿ ಗೆದ್ದಿದ್ದಳು.

"ಏನ ಬರದಿ?" ಅವ್ವ ಕೇಳಿದಳು.

ಸ್ವರೂಪ ಆರನೆಯ ಪ್ರಶ್ನೆಯ ಕೊನೆಯ ಸಾಲಿನ 'ತಿಳಿದಿಲ್ಲ' ಎಂಬುದಕ್ಕೆ ಗುರುತು ಹಾಕಿ, ಫಾರಂ ಅನ್ನು ನರ್ಸಿನ ಕೈಗಿಟ್ಟಳು.