ಒದ್ದೆ ಡಬ್ಬಿಯ ಹುಳು

ಇದನ್ನು ಮೊದಲು ಹೇಳಿದವರು ಪ್ರಾಣಿಶಾಸ್ತ್ರ ಪ್ರಯೋಗಾಲಯದ ಸಹಾಯಕಿ, ತಮ್ಮ ನಿವೃತ್ತಿಯ ಸಂಜೆ. ಪರೀಕ್ಷೆಯ ತಟ್ಟೆಯ ಮುಂದೆ ಅಧ್ಯಾಪಕಿ ಹುಬ್ಬು ಗಂಟಿಕ್ಕಿ ನಿಂತಿದ್ದರಂತೆ. ಕೀಲುಗಾಲಿನ ಜೀವಿಗಳಾದ ಸಂಧಿಪದಿಗಳನ್ನು ವರ್ಗವಾರು ಜೋಡಿಸುವಾಗ, ಹೂಕುಂಡದಡಿ ಸಿಗುವ, ಮುಟ್ಟಿದರೆ ಉಂಡೆಯಾಗುವ ಹುಳುವನ್ನು ತರಗತಿಯೆಲ್ಲ ಸಹಸ್ರಪದಿಯ ಪಕ್ಕದಲ್ಲಿಟ್ಟಿತ್ತು. ಸಹಾಯಕಿಯ ಅಣ್ಣನ ಮಗಳು ಮಾತ್ರ ಏಡಿಯ ಪಕ್ಕದಲ್ಲಿಟ್ಟಿದ್ದಳು.

"ತಲೆ ಓಡಿಸ್ಲಿ ಅಂತ ಪಾಠ ಮಾಡದೇ ಇರೋದನ್ನ ಇಟ್ಟಿದ್ದೆ. ಉತ್ತರ ಗೊತ್ತಿದ್ದದ್ದು ನನಗೆ, ನಿಮಗೆ ಇಬ್ಬರಿಗೇ," ಎಂದು ಅಧ್ಯಾಪಕಿ ಸಹಾಯಕಿಯತ್ತ ತಿರುಗಿದರು. "ಬೇಲೀನೇ ಎದ್ದು ಹೊಲ ಮೇಯ್ತಾ?" ಕೆಲಸ ಹೋಯಿತೆಂದೇ ಸಹಾಯಕಿ ಭಾವಿಸಿದರು.

"ಅತ್ತೆ ಏನೂ ಹೇಳಿಲ್ಲ ಮೇಡಂ," ಎಂದಳು ಹುಡುಗಿ. "ನಾನು ಇವನ್ನ ಸಾಕಿದ್ದೆ. ಒಣ ಡಬ್ಬೀಲಿದ್ದವು ಸತ್ತುಹೋದ್ವು, ಒದ್ದೆ ಬಟ್ಟೆ ಹಾಕಿದ್ದ ಡಬ್ಬೀಲಿದ್ದವು ಉಳಿದ್ವು. ಏಡಿ ಥರಾನೇ ಕಿವಿರಲ್ಲಿ ಉಸಿರಾಡುತ್ತೆ ಅನ್ನಿಸ್ತು."

"ಗಿಳಿಪಾಠ ಚೆನ್ನಾಗಿದೆ. ಎಲ್ಲಿದೆ ಕಿವಿರು, ತೋರಿಸು ನೋಡೋಣ!"

ಹುಡುಗಿ ಹುಳುವನ್ನು ಮಗುಚಿ, ಬಾಲದ ಬಳಿ ಒಂದರ ಮೇಲೊಂದು ಮಲಗಿದ್ದ ತೆಳುಪದರಗಳನ್ನು ಸೂಜಿಯಿಂದ ಬಿಡಿಸಿದಳು. ಮಸೂರದ ಮೇಲೆ ಬಾಗಿದ ಅಧ್ಯಾಪಕಿ ಬಹಳ ಹೊತ್ತು ತಲೆಯೆತ್ತಲಿಲ್ಲ. ಆಮೇಲೆ ತಾವೇ ಪಕ್ಕಕ್ಕೆ ಸರಿದು, "ಎಲ್ಲರೂ ಇಲ್ಲಿ ಬನ್ನಿ," ಎಂದು ಕರೆದರು. "ಇವತ್ತು ಪಾಠ ಇವಳು ಮಾಡ್ತಾಳೆ."

ಸಹಾಯಕಿಯ ಕಥೆ ಇಲ್ಲಿಗೆ ಮುಗಿಯಿತು. ಕೇಳುತ್ತಿದ್ದವರು ಕುರ್ಚಿಗಳನ್ನು ಗೋಡೆಗೆ ಸರಿಸಿ, ಮನೆಗಳತ್ತ ಹೊರಟರು.