ರೆಪ್ಪೆಗೊತ್ತಿದ ಮೊಟ್ಟೆ

ಕಂಪ್ಯೂಟರಿನ ಮೇಜಿನ ಮೇಲಿದ್ದಾಗ ಶಾಖ ಅಳೆಯುವ ಆ ಸೆನ್ಸರ್ ಅರಳು ಹುರಿದಂತೆ ಮಾತಾಡುತ್ತಿತ್ತು. ಕೊನೆಯ ಕೋಣೆಗೆ ಒಯ್ದು ಗೋಡೆಗೆ ಸಿಕ್ಕಿಸಿದರೆ ಬಾಯಿ ಹೊಲಿದುಕೊಂಡು ಕೂರುತ್ತಿತ್ತು. ಟೆಕ್ನಿಷಿಯನ್ ಬೆಳಗಿನಿಂದ ಏಳು ಸಲ ಒಯ್ದಿದ್ದ, ಏಳು ಸಲ ವಾಪಸ್ ತಂದಿದ್ದ. ಬ್ಯಾಟರಿ ಬದಲಿಸಿದ, ಆಂಟೆನಾ ಬದಲಿಸಿದ, ನಡುವೆ ಅಡ್ಡವಿದ್ದ ಕಬ್ಬಿಣದ ಬೀರುವನ್ನೂ ಸರಿಸಿದ. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ. ಸೆನ್ಸರಿಗೆ ನಿನ್ನೆ ತಾನೇ ಹಾಕಿದ ಹೊಸ ಸಾಫ್ಟ್‌ವೇರಿಗೆ ಆ ಉತ್ಸಾಹವೂ ಇರಲಿಲ್ಲ.

ಕೊನೆಯ ಕೋಣೆಯಲ್ಲಿ ಆರು ಸಾವಿರ ಕೋಳಿಮೊಟ್ಟೆಗಳು ಕಾವಿನಲ್ಲಿದ್ದವು. ಶಾಖ ಏರಿದ್ದು ಯಾರಿಗೂ ತಿಳಿಯದೆ ಹೋದರೆ ಒಂದು ಮರಿಯೂ ಹೊರಗೆ ಬರುವುದಿಲ್ಲ. ಸೆನ್ಸರ್ ಸುಮ್ಮನಾದ ಮೇಲೆ ಅವಕ್ಕೆ ದಿಕ್ಕೆಂದರೆ ಒಬ್ಬಳೇ, ಎಲ್ಲರೂ ಶಾಖದಜ್ಜಿ ಎಂದು ಕರೆಯುವ ಮುದುಕಿ. ಗಂಟೆಗೊಮ್ಮೆ ಒಂದು ಮೊಟ್ಟೆ ತೆಗೆದು, ಕಣ್ಣು ಮುಚ್ಚಿ, ರೆಪ್ಪೆಗೆ ಒತ್ತಿ ನೋಡುವಳು. ಮೂವತ್ತು ವರ್ಷಗಳಿಂದ ಅವಳ ಥರ್ಮಾಮೀಟರ್ ಅದೇ.

"ಚೂರು ಜಾಸ್ತಿ ಆಗಿದೆ," ಎನ್ನುತ್ತ ಅವಳು ಗಾಳಿಕಿಂಡಿ ತೆರೆದಳು.

"ಅಜ್ಜಿ, ನಂಗಂತೂ ತಲೆನೇ ಓಡ್ತಿಲ್ಲ. ಅಲ್ಲಿ ಸರಿ ಇರುತ್ತೆ, ಇಲ್ಲಿಗೆ ಬಂದ್ರೆ ಇಲ್ಲ. ದೆವ್ವ ಹಿಡಿದಿದೆಯೋ ಏನೋ."

"ಪಕ್ಕದಲ್ಲಿ ಕೂರಿಸ್ಕೊಂಡು ಕೇಳಿದ್ರೆ ಯಾರು ಮಾತಾಡಲ್ಲಪ್ಪ? ಮೊನ್ನೆವರೆಗೂ ಇಲ್ಲಿಂದ ಕೂಗಿ ಹೇಳ್ತಿತ್ತು. ಈಗ ಪಿಸುಗುಟ್ತಿದೆಯೇನೋ, ನೋಡು."

ಅವನು ಓಡಿಹೋಗಿ ಕಂಪ್ಯೂಟರಿನಲ್ಲಿ ಸೆಟ್ಟಿಂಗ್ ತೆರೆದ. ಸೆನ್ಸರ್ ಅಂಕಿ ಕಳಿಸುವ, ಮೊದಲು ಪೂರ್ತಿ ಇದ್ದ ರೇಡಿಯೊದ ಶಕ್ತಿಯನ್ನು ಹೊಸ ಸಾಫ್ಟ್‌ವೇರ್ ಬ್ಯಾಟರಿ ಉಳಿಸಲೆಂದು, ಯಾರನ್ನೂ ಕೇಳದೆ, ತಳಕ್ಕೆ ಇಳಿಸಿತ್ತು. ಇನ್ನು ಒಂದು ಗುಂಡಿ ಒತ್ತಿದರೆ ಮುಗಿಯಿತು.

ಬೆರಳು ಮುಂದೆ ಹೋಗಲಿಲ್ಲ. "ಇದೊಂದು ಸರಿಯಾಗ್ಲಿ, ಸೋಮವಾರದಿಂದ ಅಜ್ಜಿ ಬರೋದು ಬೇಡ," ಎಂದಿದ್ದರು ಮಾಲೀಕರು. ದಾರಿ ತೋರಿಸಿದವಳ ಅನ್ನಕ್ಕೇ ಕಲ್ಲು ಹಾಕುವುದೇ? ಹಾಕದಿದ್ದರೆ ಆರು ಸಾವಿರ ಜೀವಗಳ ಗತಿ? ಮುದುಕಿಗೂ ಒಂದು ಗಳಿಗೆ ಕಣ್ಣು ಹತ್ತದೇ? ಅವನಿಗೆ ಅಳುವೇ ಬಂತು.

ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. "ಒತ್ತಪ್ಪ. ಮಾಲೀಕರು ನಂಗೂ ಹೇಳಿದ್ದಾರೆ. ಮರಿಗಳೇನು ಪಾಪ ಮಾಡಿವೆ?"

ಒತ್ತಿದ. ಪರದೆಯ ಮೇಲೆ ಕೊನೆಯ ಕೋಣೆಯ ಅಂಕಿ ಮೂಡಿತು: ಮೂವತ್ತೇಳೂವರೆ ಡಿಗ್ರಿ, ಎಷ್ಟಿರಬೇಕೋ ಅಷ್ಟೇ.

ಅಜ್ಜಿ ಆ ಕಡೆ ನೋಡಲೂ ಇಲ್ಲ. ಒಳಗಿನಿಂದ ಒಂದು ಮೊಟ್ಟೆ ತಂದು, ಅವನಿಗೆ ಕಣ್ಣು ಮುಚ್ಚಲು ಹೇಳಿ, ರೆಪ್ಪೆಯ ಮೇಲಿಟ್ಟಳು. "ಆ ಡಬ್ಬಿ ಮತ್ತೆ ಬಾಯಿ ಮುಚ್ಚಿದ ದಿನ ಬೇಕಾಗುತ್ತೆ. ಇಷ್ಟು ಬಿಸಿ ಇರ್ಬೇಕು. ಗೊತ್ತಾಯ್ತಾ?"

ಅವನು ಕಣ್ಣು ಮುಚ್ಚಿಕೊಂಡೇ ನಿಂತ. ಬಿಸಿಯೋ, ತಂಪೋ, ಅವನಿಗೆ ಏನೂ ತಿಳಿಯಲಿಲ್ಲ.